ಕಿರೀಟಕ್ಕೊಂದು ವಂಶಾವಳಿ

ಅಮೆರಿಕದ ಹೈಸ್ಕೂಲುಗಳಲ್ಲಿ ವರ್ಷಕ್ಕೊಮ್ಮೆ, ಫುಟ್‌ಬಾಲ್ ಋತುವಿನಲ್ಲಿ, ಹೋಮ್‌ಕಮಿಂಗ್ ನಡೆಯುತ್ತದೆ. ಹಳೆಯ ವಿದ್ಯಾರ್ಥಿಗಳು ಊರಿಗೆ ಬರುತ್ತಾರೆ. ಪಂದ್ಯ, ಮೆರವಣಿಗೆ, ಒಬ್ಬ ಹುಡುಗಿಗೆ ರಾಣಿಯ ಕಿರೀಟ, ಕೊನೆಗೆ ಡಾನ್ಸ್. ಮೊದಲು ಇದು ಕಾಲೇಜುಗಳ ಆಚರಣೆಯಾಗಿತ್ತು. 1911ರಲ್ಲಿ ಕೋಚ್ ಚೆಸ್ಟರ್ ಬ್ರೂಯರ್ ಕ್ಯಾನ್ಸಾಸ್ ವಿರುದ್ಧದ ಪಂದ್ಯಕ್ಕೆ ಹಳಬರನ್ನೆಲ್ಲ ಕರೆಸಿದ್ದೇ ಮೊದಲನೆಯದು ಎಂದು ಮಿಸೌರಿ ವಿಶ್ವವಿದ್ಯಾಲಯ ಹೇಳಿಕೊಂಡರೆ, ಬೇಲರ್ 1909ರ ಲೆಕ್ಕ ಕೊಡುತ್ತದೆ, ಇಲಿನಾಯ್ 1910ರದು. ಆ ಜಗಳ ಅವರಿಗೇ ಇರಲಿ. ಇತ್ತ ಹೈಸ್ಕೂಲಿನ ಕಡೆ ನೋಡಿದರೆ, 1910ರಲ್ಲಿ ಅಮೆರಿಕದ ಮಕ್ಕಳಲ್ಲಿ ಅದನ್ನು ಮುಗಿಸುತ್ತಿದ್ದವರು ನೂರಕ್ಕೆ ಸುಮಾರು 9 ಮಂದಿ. 1940ರ ಹೊತ್ತಿಗೆ ಅರ್ಧದಷ್ಟಾದರು. ಹೀಗೆ ಹೈಸ್ಕೂಲೇ ಸಣ್ಣ ಊರುಗಳ ಸಾರ್ವಜನಿಕ ಬದುಕಿನ ಅಂಗಳವಾಯಿತು, ಅದರ ಹೋಮ್‌ಕಮಿಂಗ್ ಊರಹಬ್ಬವಾಯಿತು. ಅದನ್ನು ಹುಡುಗರ ಮೋಜೆಂದು ಬದಿಗಿಡಲಾಗದು. ಊರು ಯಾರನ್ನು ತನ್ನವರೆಂದು ಎಣಿಸುತ್ತದೆ ಎಂಬುದು ಅಲ್ಲಿ ಎಲ್ಲರೆದುರು ಬಯಲಾಗುತ್ತದೆ.

ಟೆಕ್ಸಸ್‌ನ ಕ್ರಿಸ್ಟಲ್ ಸಿಟಿಯನ್ನೇ ನೋಡಿ. ಪಾಲಕ್ ಬೆಳೆದು ಬದುಕುತ್ತಿದ್ದ ಈ ಊರು 1937ರಲ್ಲಿ ಕಾರ್ಟೂನಿನ ಪಾಲಕ್‌ಪ್ರಿಯ ಪೊಪಾಯ್‌ಗೆ ಪ್ರತಿಮೆ ನಿಲ್ಲಿಸಿತು. ಹೊಲದಲ್ಲೂ ಡೆಲ್ ಮಾಂಟೆ ಕಾರ್ಖಾನೆಯಲ್ಲೂ ದುಡಿಯುತ್ತಿದ್ದವರು ಬಹುಪಾಲು ಮೆಕ್ಸಿಕನ್ ಮೂಲದವರು. ಊರಿನಲ್ಲಿ ಅವರೇ ಹೆಚ್ಚು. ಶಾಲೆಯಲ್ಲಿ ಮಾತ್ರ ನಾಲ್ವರು ಚಿಯರ್‌ಲೀಡರ್‌ಗಳಲ್ಲಿ ಮೂವರು ಬಿಳಿಯರು, ಒಬ್ಬಳು ಮೆಕ್ಸಿಕನ್ ಎಂಬುದು ರೂಢಿ, ಆರಿಸುವವರು ಶಿಕ್ಷಕರು. 1969ರಲ್ಲಿ ಹಳೆಯ ವಿದ್ಯಾರ್ಥಿಗಳ ಸಂಘ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ರಾಣಿಯಾಗಬೇಕಾದವಳ ತಂದೆ ಅಥವಾ ತಾಯಿ ಇದೇ ಹೈಸ್ಕೂಲಿನಲ್ಲಿ ಓದು ಮುಗಿಸಿರಬೇಕು. ಬೆಳೆ ಕೊಯ್ಲಿನ ಬೆನ್ನು ಹತ್ತಿ ಉತ್ತರದ ರಾಜ್ಯಗಳಿಗೆ ವಲಸೆ ಹೋಗುತ್ತಿದ್ದ ಕುಟುಂಬಗಳಲ್ಲಿ ಹೈಸ್ಕೂಲು ಮುಗಿಸಿದ ಹೆತ್ತವರು ಎಷ್ಟು ಮಂದಿ ಸಿಕ್ಕಾರು?

ಹಳೆಯ ವಿದ್ಯಾರ್ಥಿಗಳ ಹಬ್ಬದಲ್ಲಿ ಅವರ ಹೆಣ್ಣುಮಕ್ಕಳಿಗೇ ಮಾನ ಸಲ್ಲಿಸಿದರೆ ತಪ್ಪೇನು, ಅದು ಖಾಸಗಿ ಸಂಘವಲ್ಲವೇ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಹಬ್ಬ ನಡೆಯುತ್ತಿದ್ದುದು ಎಲ್ಲರ ತೆರಿಗೆಯಿಂದ ನಡೆಯುವ ಶಾಲೆಯ ಹೆಸರಿನಲ್ಲಿ. ಅದಕ್ಕಿಂತ ಮುಖ್ಯವಾಗಿ, ಹೆತ್ತವರಿಗೆ ಓದು ದಕ್ಕದಂತೆ ಮಾಡಿದ ಸ್ಥಿತಿಯನ್ನೇ ಈ ನಿಯಮ ಮಕ್ಕಳ ಅನರ್ಹತೆಯಾಗಿ ತಿರುಗಿಸಿತು. ತಾತ ಮತ ಹಾಕಿದ್ದರೆ ಮೊಮ್ಮಗನೂ ಹಾಕಬಹುದು ಎಂದು ಕರಿಯರನ್ನು ಹೊರಗಿಟ್ಟ ಕಾನೂನುಗಳನ್ನು ಸುಪ್ರೀಂ ಕೋರ್ಟ್ 1915ರಲ್ಲೇ ಹೊಡೆದುಹಾಕಿತ್ತು. ಇಲ್ಲಿದ್ದದ್ದೂ ಅದೇ ಉಪಾಯ, ಸ್ವಲ್ಪ ಹೂವು ಮುಡಿಸಿಕೊಂಡು.

ಕೂಲಿ, ಜಮೀನು, ಭಾಷೆಯಂಥ ದೊಡ್ಡ ಸಂಗತಿಗಳಿರುವಾಗ ಕಿರೀಟಕ್ಕೇಕೆ ಇಷ್ಟು ರಂಪ ಎಂಬುದು ಇನ್ನೊಂದು ಆಕ್ಷೇಪ. ಆ ದೊಡ್ಡ ಸಂಗತಿಗಳಿಗಾಗಿ ಅಲ್ಲಿ ಹೋರಾಟ ಆಗಲೇ ನಡೆದಿತ್ತು; 1963ರಲ್ಲಿ ಐವರು ಮೆಕ್ಸಿಕನ್ ಅಭ್ಯರ್ಥಿಗಳು ನಗರಸಭೆಯನ್ನೇ ಗೆದ್ದಿದ್ದರು, ಎರಡು ವರ್ಷಕ್ಕೆ ಅಧಿಕಾರ ಕೈತಪ್ಪಿತು. ಕೂಲಿ ಕಡಿಮೆಯೆಂದರೆ ಮಾರುಕಟ್ಟೆಯ ಕಡೆ, ಅಂಕ ಕಡಿಮೆಯೆಂದರೆ ಮಗುವಿನ ಕಡೆ ಬೆರಳು ತೋರಿಸಬಹುದಿತ್ತು. ರಾಣಿಯ ನಿಯಮಕ್ಕೆ ಅಂಥ ನೆಪವಿರಲಿಲ್ಲ. ಹದಿನೇಳರ ಹುಡುಗಿಗೂ ಅದು ಒಂದೇ ಓದಿಗೆ ಅರ್ಥವಾಗುವಂತಿತ್ತು. ಅದನ್ನು ಖಂಡಿಸಿ ಕರಪತ್ರ ಹಂಚಿದ ವಿದ್ಯಾರ್ಥಿನಿ ಸೆವೆರಿತಾ ಲಾರಾಳನ್ನು ಶಾಲೆ ಅಮಾನತು ಮಾಡಿತು.

1969ರ ಡಿಸೆಂಬರ್ 9ರಂದು ಮಕ್ಕಳು ತರಗತಿ ಬಿಟ್ಟು ಹೊರನಡೆದರು. ಬೇಡಿಕೆಪಟ್ಟಿಯಲ್ಲಿ ರಾಣಿ, ಚಿಯರ್‌ಲೀಡರ್‌ಗಳ ಜೊತೆಗೆ ದ್ವಿಭಾಷಾ ಶಿಕ್ಷಣ, ಮೆಕ್ಸಿಕನ್ ಅಮೆರಿಕನ್ನರ ಇತಿಹಾಸವೂ ಸೇರಿದ್ದವು. ಮೂವರು ವಿದ್ಯಾರ್ಥಿಗಳು ವಾಷಿಂಗ್ಟನ್ನಿಗೆ ಹೋಗಿ ಸೆನೆಟರುಗಳನ್ನು ಕಂಡರು. ಕೇಂದ್ರದ ನ್ಯಾಯ ಇಲಾಖೆ ಮಧ್ಯಸ್ಥಿಕೆಗೆ ಬಂತು. ಜನವರಿಯಲ್ಲಿ ಶಾಲಾ ಮಂಡಳಿ ಬಹುತೇಕ ಬೇಡಿಕೆಗಳಿಗೆ ಒಪ್ಪಿತು. ಆ ತಿಂಗಳೇ ಹುಟ್ಟಿದ, ಮೆಕ್ಸಿಕನ್ ಅಮೆರಿಕನ್ನರ ರಾಸಾ ಉನಿದಾ ಪಕ್ಷದಿಂದ ಹೋಸೆ ಆಂಹೆಲ್ ಗುತಿಯೆರ್ರೆಸ್ ಮತ್ತು ಇನ್ನಿಬ್ಬರು ಏಪ್ರಿಲ್‌ನಲ್ಲಿ ಅದೇ ಮಂಡಳಿಗೆ ಆರಿಸಿಬಂದರು. ಮುಂದೆ ಹಲವು ಬಿಳಿಯ ಕುಟುಂಬಗಳು ಮಕ್ಕಳನ್ನು ಬೇರೆ ಶಾಲೆಗಳಿಗೆ ಸೇರಿಸಿದವು. ಹಬ್ಬ ಎಲ್ಲರದಾದಾಗ ಅವರಿಗೆ ಶಾಲೆಯೇ ಬೇಡವಾಯಿತು.