ಹೊಳೆಯ ಆಚೆ ದಡದ ಕೋಟೆ

ಪ್ರತಿ ವರ್ಷ ನವೆಂಬರ್ 1ರಂದು ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ನಮ್ಮ ಆಫೀಸಿನಲ್ಲಿ ನನಗೆ ಎರಡೆರಡು ಶುಭಾಶಯಗಳು ಸಿಗುತ್ತವೆ. ಕಣ್ಣೂರಿನ ಸಹೋದ್ಯೋಗಿ ಕೇರಳ ಹುಟ್ಟಿದ ದಿನವೆಂದು ಕೈಕುಲುಕುತ್ತಾನೆ. ದಾವಣಗೆರೆಯವರೊಬ್ಬರು ರಾಜ್ಯೋತ್ಸವದ ಶುಭಾಶಯ ಹೇಳಿ, "ನಿಮ್ಮ ಕನ್ನಡ ತುಂಬಾ ಚೆನ್ನಾಗಿದೆ ಸಾರ್, ಎಲ್ಲಿ ಕಲಿತಿರಿ?" ಎಂದು ಕೇಳುತ್ತಾರೆ. ಅಮ್ಮನ ಹತ್ತಿರ ಎಂದರೆ ತಮಾಷೆ ಎಂದುಕೊಂಡು ನಗುತ್ತಾರೆ. ನನ್ನ ಪಾಸ್‌ಪೋರ್ಟಿನಲ್ಲಿ ಹುಟ್ಟಿದ ರಾಜ್ಯ ಕೇರಳ ಎಂದಿರುವುದರಿಂದ ಅವರ ತಪ್ಪೂ ಅಲ್ಲ.

ನಮ್ಮದು ಹೊಸದುರ್ಗ. ಕೇರಳದ ಕಾಸರಗೋಡು ಜಿಲ್ಲೆಯ ತಾಲೂಕು ಅದು. ಹೆಸರು ಮಾತ್ರ ಇವತ್ತಿಗೂ ಅಚ್ಚ ಕನ್ನಡ. ಕಳೆದ ವರ್ಷ ಮಗಳಿಗೆ ಶಾಲೆಯಲ್ಲಿ ತನ್ನ ಊರಿನ ನಕ್ಷೆ ಬರೆದು ತರಲು ಹೇಳಿದ್ದರು. ಕಾಸರಗೋಡು ಪೇಟೆಯನ್ನು ಬಳಸಿಕೊಂಡು ಸಮುದ್ರ ಸೇರುವ ಚಂದ್ರಗಿರಿ ಹೊಳೆಯನ್ನು ನೀಲಿ ಬಣ್ಣದಲ್ಲಿ ಎಳೆದುಕೊಟ್ಟೆ. "ಇದೇ ನೋಡು, ಹಿಂದಿನವರು ಗಡಿ ಅನ್ನುತ್ತಿದ್ದುದು. ಇದರ ಉತ್ತರಕ್ಕೆ ತುಳುನಾಡು, ದಕ್ಷಿಣಕ್ಕೆ ಮಲಯಾಳ" ಎಂದೆ. ಅವಳು ಪೆನ್ಸಿಲ್ ಹಿಡಿದುಕೊಂಡು, "ಹಾಗಾದ್ರೆ ಪಪ್ಪಾ, ಕನ್ನಡದ ರಾಜ ಕೋಟೆ ಯಾಕೆ ಆಚೆ ಬದಿ ಕಟ್ಟಿದ? ಮತ್ತೆ ನಮ್ಮ ಮನೆ ಯಾವ ಬದಿ?" ಎಂದಳು.

ಎರಡೂ ಪ್ರಶ್ನೆ ಸರಿಯಾಗಿಯೇ ಇದ್ದವು. ನಮ್ಮ ಮನೆ ಹೊಳೆಯ ದಕ್ಷಿಣಕ್ಕೆ. ಚಂದ್ರಗಿರಿ ಕೋಟೆಯೂ ದಕ್ಷಿಣ ದಡದಲ್ಲೇ ಇದೆ.

ಕಾಸರಗೋಡಿನ ಸುತ್ತ ಕೋಟೆಗಳಿಗೆ ಬರವಿಲ್ಲ. ಉತ್ತರದಲ್ಲಿ ಕುಂಬಳೆ ಹೊಳೆಯ ಬಳಿ ಆರಿಕ್ಕಾಡಿ, ಪೇಟೆಯಲ್ಲೇ ಒಂದು, ಒಳನಾಡಿನ ದಾರಿಯಲ್ಲಿ ಪೊವ್ವಲ್, ಹೊಳೆ ದಾಟಿದರೆ ಚಂದ್ರಗಿರಿ, ಮುಂದೆ ಕಡಲಿಗೇ ಚಾಚಿಕೊಂಡ ಬೇಕಲ, ಅಲ್ಲಿಂದ ಹೊಸದುರ್ಗ. ಎಲ್ಲವೂ ಮುರಕಲ್ಲಿನವು, ಹೆಚ್ಚಿನವು 17-18ನೇ ಶತಮಾನದಲ್ಲಿ ಕೆಳದಿಯ ನಾಯಕರು ಕಟ್ಟಿದವು. ಹಲವು ಕೋಟೆಗಳಲ್ಲಿ ಒಂದೊಂದು ಹನುಮಂತನ ಗುಡಿ. ಸುಮಾರು 40 ಎಕರೆಯ ಬೇಕಲ ಇವುಗಳಲ್ಲಿ ದೊಡ್ಡದು. ಅದರ ಗೋಡೆಯಲ್ಲಿ ಮೂರು ಬಗೆಯ ಗುಂಡಿನ ಕಂಡಿಗಳಿವೆ: ಮೇಲಿನದು ದೂರದ ಶತ್ರುವಿಗೆ, ನಡುವಿನದು ಸಮೀಪಿಸಿದವನಿಗೆ, ಕೆಳಗಿನದು ಗೋಡೆಯ ಬುಡಕ್ಕೇ ಬಂದವನಿಗೆ. ಇಲ್ಲಿನ ಗೆಳೆಯರಿಗೆ ಬೇಕಲ ಎಂದರೆ ಮಣಿರತ್ನಂ ಅವರ 'ಬಾಂಬೆ' ಸಿನಿಮಾದ ಮಳೆಹಾಡು, ಅಷ್ಟೇ. ಶಿವಪ್ಪ ನಾಯಕನ ಹೆಸರು ಹೇಳಿದರೆ, ಅವನು ಯಾವ ಪಾತ್ರ ಎಂದು ಕೇಳುವವರೂ ಇದ್ದಾರೆ.

ಮಗಳ ಪ್ರಶ್ನೆಗೆ ಬರುತ್ತೇನೆ. ಚಂದ್ರಗಿರಿ ಚೌಕಾಕಾರದ ಕೋಟೆ, ಸುಮಾರು 7 ಎಕರೆ. ಸಮುದ್ರ ಮಟ್ಟದಿಂದ 150 ಅಡಿ ಎತ್ತರದಲ್ಲಿದೆ. ಕೊಡಗಿನ ಬೆಟ್ಟಗಳಿಂದ ಸುಳ್ಯದ ಮೇಲೆ ಪಯಸ್ವಿನಿಯಾಗಿ ಇಳಿದು ಬರುವ ಹೊಳೆ, ಅದರ ಅಳಿವೆ, ಎದುರು ದಡದ ಪೇಟೆ, ಮೂರೂ ಅಲ್ಲಿಂದ ಕಣ್ಣಿಗೆ ಬೀಳುತ್ತವೆ. ಹೊಳೆ ನಿಜವಾಗಿ ರಾಜ್ಯದ ಅಂಚಾಗಿದ್ದರೆ ಬುದ್ಧಿ ಇದ್ದವನು ಕೋಟೆಯನ್ನು ಉತ್ತರ ದಡದಲ್ಲಿ ಕಟ್ಟುತ್ತಿದ್ದ. ಆಗ ಹೊಳೆಯೇ ಕಂದಕ. ದಕ್ಷಿಣದಲ್ಲಿ ಕಟ್ಟಿದರೆ ಹೊಳೆ ಬೆನ್ನ ಹಿಂದಾಯಿತು. ಸೋತರೆ ಓಡುವುದಕ್ಕೂ ದೋಣಿ ಬೇಕು. ನನ್ನ ಲೆಕ್ಕ ಇಷ್ಟೇ: ಶಿವಪ್ಪ ನಾಯಕನಿಗೆ ಆ ಹೊಳೆ ಗಡಿಯಾಗಿರಲಿಲ್ಲ, ದಾರಿಯಾಗಿತ್ತು. ದಾರಿಯ ಎರಡೂ ಬದಿ ತನ್ನದೇ ಎಂದುಕೊಂಡವನು ಮಾತ್ರ ಅಲ್ಲಿ ಕೋಟೆ ಕಟ್ಟಬಲ್ಲ.

ಲೆಕ್ಕಪರಿಶೋಧಕನ ಕಣ್ಣಿಗೆ ಈ ಕೋಟೆಗಳು ಮೊದಲು ಕಾಣುವುದು ಸುಂಕದ ಕಟ್ಟೆಗಳಾಗಿ. ಶಿವಪ್ಪ ನಾಯಕ (ಆಳ್ವಿಕೆ 1645-1660) 'ಶಿಸ್ತಿ'ನ ಮನುಷ್ಯ. ಮಣ್ಣಿನ ಗುಣ ನೋಡಿ ಜಮೀನನ್ನು ವರ್ಗ ಮಾಡಿ ಬೆಳೆಯ ಮೂರರಲ್ಲೊಂದು ಪಾಲು ಕಂದಾಯವೆಂದು ನಿಗದಿ ಮಾಡಿದವನು. ಅಂಥವನು ಹೊಳೆಯ ಬಾಯಿಯನ್ನು ಕಾವಲಿಲ್ಲದೆ ಬಿಟ್ಟಾನೆಯೇ? ಕೆಳದಿಯ ಬೊಕ್ಕಸ ತುಂಬಿಸುತ್ತಿದ್ದುದು ಮೆಣಸು ಮತ್ತು ಅಕ್ಕಿ. ಕುಂಬಳೆಯಿಂದ ಮಾಲ್ಡೀವ್ಸ್‌ಗೆ ಅಕ್ಕಿ ಹೋಗುತ್ತಿದ್ದುದನ್ನು ಪೋರ್ಚುಗೀಸನಾದ ಡುವಾರ್ಟೆ ಬಾರ್ಬೋಸಾ 16ನೇ ಶತಮಾನದ ಆರಂಭದಲ್ಲೇ ಬರೆದಿದ್ದಾನೆ. ಕೆನರಾದ ಅಕ್ಕಿ ಗೋವೆಗೂ ಮಸ್ಕತ್ತಿಗೂ ಹೋಗುತ್ತಿತ್ತು. ಹಮ್ದಾನ್ ಸ್ಟ್ರೀಟಿನ ಹೋಟೆಲಿನಲ್ಲಿ ಕುಚ್ಚಲಕ್ಕಿ ಅನ್ನ ಉಣ್ಣುವಾಗೆಲ್ಲ, ಇದು ನಾವು ತಂದ ಅಭ್ಯಾಸವಲ್ಲ, ನಮಗಿಂತ ಮೊದಲೇ ನಮ್ಮ ಅಕ್ಕಿ ಈ ಕಡಲು ದಾಟಿತ್ತು ಎಂದು ನೆನಪಾಗುತ್ತದೆ.

ಈ ಎರಡು ತೀರಗಳ ಇತಿಹಾಸ ಒಮ್ಮೆ ಒಟ್ಟಿಗೇ ಹೊರಳಿದ್ದೂ ಇದೆ. 1650ರಲ್ಲಿ ಒಮಾನಿಗಳು ಪೋರ್ಚುಗೀಸರನ್ನು ಮಸ್ಕತ್ತಿನಿಂದ ಓಡಿಸಿದರು. ಅದಾದ ಕೆಲವೇ ವರ್ಷಗಳಲ್ಲಿ ಶಿವಪ್ಪ ನಾಯಕ ಹೊನ್ನಾವರ, ಬಸರೂರು, ಮಂಗಳೂರಿನ ಕೋಟೆಗಳಿಂದ ಅವರನ್ನು ಹೊರಹಾಕಿದ. ಹಾಗೆಂದು ಎಲ್ಲ ಸ್ನೇಹವೇ ಆಗಿರಲಿಲ್ಲ. ಅರಬರ ವ್ಯಾಪಾರಕ್ಕೆ ಪೋರ್ಚುಗೀಸರು ತಡೆ ಹಾಕಿದ ಸಿಟ್ಟಿಗೆ 1695ರಲ್ಲಿ ಅರಬರು ಮಂಗಳೂರಿಗೇ ಬೆಂಕಿಯಿಟ್ಟರು. ಕಡಲತೀರಕ್ಕೆ ಕೋಟೆ ಏಕೆ ಬೇಕಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಇಲ್ಲಿಯೂ ಅದೇ ಕತೆ, ಅಳತೆ ಚಿಕ್ಕದು. ಆಫೀಸಿನಿಂದ ನಡೆದೇ ಹೋಗಬಹುದಾದ ಕಸ್ರ್ ಅಲ್ ಹೊಸ್ನ್ ಮೊದಲು ಒಂದೇ ಒಂದು ಕಾವಲು ಗೋಪುರ. 18ನೇ ಶತಮಾನದಲ್ಲಿ ಸಿಹಿನೀರನ್ನು ಕಾಯಲು ಎದ್ದದ್ದು. ಅರಬ್ಬಿಯಲ್ಲಿ ಹೊಸ್ನ್ ಎಂದರೆ ಕೋಟೆ. ಹೊಸ್ನ್, ಹೊಸದುರ್ಗ ಎಂದು ನಾನೊಬ್ಬನೇ ನಕ್ಕಿದ್ದಿದೆ. ಮಕ್ತಾ ಸೇತುವೆಯ ಪಕ್ಕ ನೀರಿನ ನಡುವೆ ಇನ್ನೊಂದು ಗೋಪುರ ನಿಂತಿದೆ. ಸೇತುವೆ ಬರುವ ಮೊದಲು ಇಳಿತದ ಹೊತ್ತಿನಲ್ಲಿ ಜನ, ಒಂಟೆ ಆ ಕಾಲುವೆಯನ್ನು ನಡೆದೇ ದಾಟಿ ದ್ವೀಪಕ್ಕೆ ಬರುತ್ತಿದ್ದರು. ಗೋಪುರದ ಕೆಲಸ ದಾಟುವವರನ್ನು ನೋಡುವುದು. ಚಂದ್ರಗಿರಿಯ ಕೆಲಸವೂ ಅದೇ.

ನಾಯಕರು ಕೋಟೆಗಳ ಜೊತೆ ಜನರನ್ನೂ ತಂದರು. ಕೋಟೆ ಕಾಯಲು ಬಂದ ರಾಮಕ್ಷತ್ರಿಯರನ್ನು ನಮ್ಮೂರಿನಲ್ಲಿ 'ಕೋಟೆಯವರು' ಎನ್ನುತ್ತಾರೆ. ನಾವು ಅವರೇ. 1763ರಲ್ಲಿ ಹೈದರ್ ಅಲಿ ಬಿದನೂರನ್ನು ಹಿಡಿದ, 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕಂಪನಿ ಸರ್ಕಾರ ಬಂತು. ಕೋಟೆಯ ಸಂಬಳ ನಿಂತಿತು, ಕೋಟೆಯವರು ಗದ್ದೆ, ಗುಮಾಸ್ತಿಕೆ ಎಂದು ಅಲ್ಲಲ್ಲೇ ಉಳಿದರು.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. ಮುಂದಿನ ಹೋರಾಟ, ಕಯ್ಯಾರ ಕಿಞ್ಞಣ್ಣ ರೈಗಳ ದನಿ ಎಲ್ಲರಿಗೂ ಗೊತ್ತು. 1966ರಲ್ಲಿ ಮಹಾಜನ ಆಯೋಗ ರಚನೆಯಾಯಿತು. ಮರುವರ್ಷ ವರದಿ ಕೊಟ್ಟಿತು: ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಲಿ. ಉತ್ತರದ ಊರುಗಳಲ್ಲಿ ಆ ವರದಿ ಇಂದಿಗೂ ಆಸೆಯ ಮಾತು. ನಮ್ಮ ಮನೆಯಲ್ಲಿ ಹಾಗಿರಲಿಲ್ಲ. ಅಜ್ಜ ಪತ್ರಿಕೆಯನ್ನು ಎರಡು ಸಲ ಓದಿ, ಮಡಚಿಟ್ಟು, "ನಮ್ಮನ್ನು ಹೊಳೆಯ ಆಚೆಗೆ ಬಿಟ್ಟರು" ಎಂದರಂತೆ. ಗೆದ್ದಿದ್ದರೂ ನಾವು ಸೋತವರ ಕಡೆ. ಕೋಟೆ ಕಾಯಲು ಹೊಳೆ ದಾಟಿಸಿದವರು ಯಾರೋ, ಹೊಳೆಯನ್ನೇ ಗೆರೆಯೆಂದು ಎಳೆದವರು ಯಾರೋ. ಕಾಸರಗೋಡಿನ ಕನ್ನಡದ ಬಗ್ಗೆ ಬರೆಯುವವರು ಹೊಳೆಯ ತನಕ ಬಂದು ನಿಲ್ಲುವುದು ನನಗೆ ಸರಿಕಾಣುವುದಿಲ್ಲ. ಆಚೆ ದಡದಲ್ಲಿ ಗೋಡೆ ಮಾತ್ರವಲ್ಲ, ಮನೆಗಳೂ ಇವೆ.

ಕಳೆದ ಜುಲೈ ರಜೆಯಲ್ಲಿ ಮಗಳನ್ನು ಕರೆದುಕೊಂಡು ಚಂದ್ರಗಿರಿ ಕೋಟೆ ಹತ್ತಿದೆ. ಗೋಡೆಯ ಮೇಲೆ ಪಾಚಿ, ಒಳಗೆ ಮೊಣಕಾಲುದ್ದ ಹುಲ್ಲು. ಕೆಳಗೆ ಹೊಳೆ ಕೆಂಪಗೆ ತುಂಬಿತ್ತು. ಮನೆಗೆ ಬಂದ ಮೇಲೆ ಅಪ್ಪ ಕಪಾಟಿನಿಂದ ಹಳೆಯ ಕಾಗದದ ಕಟ್ಟು ತೆಗೆದರು. ಅಜ್ಜನ ಕಾಲದ ಮೂಲಗೇಣಿ ಚೀಟಿ ಕನ್ನಡದಲ್ಲಿ, ಈಚಿನ ತೀರ್ವೆ ರಸೀದಿ ಮಲಯಾಳದಲ್ಲಿ. ವೃತ್ತಿಯ ಚಾಳಿ, ಎರಡನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಿದೆ. ಜಾಗ ಅದೇ, ಬಾವಿ ಅದೇ. ಮಗಳು ಕನ್ನಡದ ಚೀಟಿಯನ್ನು ಅಕ್ಷರ ಕೂಡಿಸಿ ಕೂಡಿಸಿ ಓದಿದಳು. ರಸೀದಿಯನ್ನು ಅಪ್ಪ ಓದಿ ಹೇಳಿದರು.