ಕೋಲಾರ ಸೀಮೆಯ ಭೂಮಿ: ಗದ್ದೆ ಬೆದ್ದಲಿನಿಂದ ಕೈಗಾರಿಕಾ ಪ್ರದೇಶದವರೆಗೆ

ಗಂಗರ ಆದಿ ರಾಜಧಾನಿಯಾದ ಕುವಳಾಲವೇ ಇಂದಿನ ಕೋಲಾರವೆಂಬುದು ವಾಚಕರಿಗೆ ವಿದಿತವಾದ ಸಂಗತಿ. ರೈಸ್ ಸಾಹೇಬರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವು ಈ ಜಿಲ್ಲೆಯ ಶಾಸನಗಳಿಗೇ ಮೀಸಲಾಗಿದೆ. ಅವುಗಳಲ್ಲಿ ದಾನ ಹಾಗೂ ವೀರಮರಣಗಳ ವೃತ್ತಾಂತದೊಡನೆ ಗದ್ದೆ, ಬೆದ್ದಲು, ಕೆರೆ, ಎಲ್ಲೆಕಲ್ಲುಗಳ ಮಾತೂ ಮತ್ತೆ ಮತ್ತೆ ಬರುತ್ತದೆ. ಸದಾ ಹರಿಯುವ ನದಿಯಿಲ್ಲದ ಸೀಮೆಯಲ್ಲಿ ಕೆರೆಯ ಕೆಳಗಿನ ನೆಲ ಯಾವುದು, ಮೇಲಿನದು ಯಾವುದು ಎಂಬುದೇ ಜೀವನದ ಪ್ರಶ್ನೆಯಾಗಿತ್ತು.

ಮುಂದೆ ಬಂದ ಕಂದಾಯ ಆಡಳಿತವು ಇದೇ ನೆಲವನ್ನು ತರಿ, ಖುಷ್ಕಿ, ಬಾಗಾಯ್ತು, ಖರಾಬು, ಗೋಮಾಳ ಎಂದು ಬೇರ್ಪಡಿಸಿತು. ನೂರು ದನಗಳಿಗೆ 30 ಎಕರೆಯಂತೆ ಹುಲ್ಲುಗಾವಲನ್ನು ಬಿಡತಕ್ಕದ್ದೆಂದು 1966ರ ಕರ್ನಾಟಕ ಭೂಕಂದಾಯ ನಿಯಮಗಳು ವಿಧಿಸಿದವು. ಆದರೆ ಗೋಮಾಳವನ್ನು ಉತ್ತು ಬಿತ್ತಿದವರ ಸಾಗುವಳಿಯನ್ನು ಸಕ್ರಮಗೊಳಿಸುವ ಅಧಿಕಾರವು ಕ್ಷೇತ್ರದ ಶಾಸಕರ ಅಧ್ಯಕ್ಷತೆಯ ಸಮಿತಿಗೆ ಸೇರಿದ ಮೇಲೆ, ಬಗರ್ ಹುಕುಂ ಅರ್ಜಿಯು ಚುನಾವಣೆಯ ಕಾಲದ ಮಾತುಕತೆಯಿಂದ ಎಂದೂ ದೂರ ಉಳಿಯಲಿಲ್ಲ. ಹಸುವಿಗೆ ಮತವಿಲ್ಲವಷ್ಟೆ!

1974ರ ಮಾರ್ಚ್ 1ರಂದು ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿಯನ್ನು ಇಲ್ಲಿ ಸ್ಮರಿಸಲೇಬೇಕು. ದೇವರಾಜ ಅರಸರ ಸರಕಾರವು ತಾಲ್ಲೂಕುಗಳಲ್ಲಿ ಭೂನ್ಯಾಯ ಮಂಡಲಿಗಳನ್ನು ರಚಿಸಿ ಗೇಣಿದಾರನನ್ನು ಒಡೆಯನನ್ನಾಗಿಸಿತು. ಆರಂಭದಲ್ಲಿ ಅಲ್ಲಿ ವಕೀಲರಿಗೆ ಪ್ರವೇಶವಿರಲಿಲ್ಲ. ಬಡವನು ತಾನೇ ನಿಂತು ತನ್ನ ಉಳುಮೆಯ ಕಥೆಯನ್ನು ಹೇಳಿಕೊಳ್ಳಬಹುದಿತ್ತು. ಹೀಗೆ ದೊರೆತ ಭೂಮಿಯನ್ನು 15 ವರ್ಷ ಪರಭಾರೆ ಮಾಡುವಂತಿರಲಿಲ್ಲ. ಆ ಅವಧಿ ಮುಗಿಯುವ ವೇಳೆಗೆ ಬೆಂಗಳೂರು ಬೆಳೆಯುತ್ತ ಬೆಳೆಯುತ್ತ ಪೂರ್ವದ ಕಡೆಗೆ ಮುಖ ತಿರುಗಿಸಿತ್ತು.

ಬೆಂಗಳೂರು–ಚೆನ್ನೈ ಹೆದ್ದಾರಿಯ ನರಸಾಪುರ, ಅದರ ಸಮೀಪದ ವೇಮಗಲ್, ಹಾಗೂ ಹಿಂದೆ ಹೆಂಚು ಇಟ್ಟಿಗೆಗಳಿಗೆ ಹೆಸರಾಗಿದ್ದ ಮಾಲೂರು, ಈ ಮೂರೂ ಕಡೆ ಕೈಗಾರಿಕಾ ಪ್ರದೇಶಗಳು ತಲೆಯೆತ್ತಿದವು. ಇದರ ಕ್ರಮವನ್ನು ತುಸು ವಿವರಿಸುವುದು ಉಚಿತ. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯ 28ನೆಯ ಕಲಮಿನಂತೆ ಮೊದಲು ಪ್ರಾಥಮಿಕ ಅಧಿಸೂಚನೆ ಹೊರಡುತ್ತದೆ. ಅನಂತರ ಭೂಮಾಲೀಕನಿಗೆ ನೋಟೀಸು. ಆಕ್ಷೇಪಣೆಗೆ 30 ದಿನಗಳ ಅವಕಾಶ. ವಿಚಾರಣೆ ನಡೆಯುತ್ತದೆ. ಅಂತಿಮ ಅಧಿಸೂಚನೆ ಹೊರಟೊಡನೆ ಭೂಮಿಯು ಸರಕಾರದಲ್ಲಿ ವಿಹಿತವಾಗುತ್ತದೆ. ರೈತನು ಸ್ವತಃ ತನ್ನ ಹೊಲವನ್ನು ಕೃಷಿಯೇತರ ಉದ್ದೇಶಕ್ಕೆ ಬಳಸಬೇಕಾದರೆ ಸಾಮಾನ್ಯವಾಗಿ ಭೂಕಂದಾಯ ಕಾಯಿದೆಯ 95ನೆಯ ಕಲಮಿನಡಿ ಪರಿವರ್ತನೆಗಾಗಿ ಜಿಲ್ಲಾಧಿಕಾರಿಗಳ ಮುಂದೆ ಅರ್ಜಿ ಹಾಕಿ ಕಾಯಬೇಕು; ಸರಕಾರವಾದರೋ ಒಂದೇ ಅಧಿಸೂಚನೆಯಿಂದ ಗ್ರಾಮ ಗ್ರಾಮಗಳ ನೆಲದ ಸ್ವರೂಪವನ್ನು ಬದಲಿಸಬಲ್ಲುದು. ಈ ಅಸಮಾನತೆಯೇ ಎಲ್ಲ ಕಲಹಗಳ ಬೇರೆಂದು ಈ ಲೇಖಕನ ಅಭಿಪ್ರಾಯ.

ಲಾಭವಾಗಲಿಲ್ಲವೆಂದು ಹೇಳುವಂತಿಲ್ಲ. ನರಸಾಪುರದಲ್ಲಿ 2013ರಲ್ಲಿ ಹೋಂಡಾ ದ್ವಿಚಕ್ರವಾಹನ ಕಾರ್ಖಾನೆ ಆರಂಭವಾಯಿತು. ಬಳಿಕ ದೂರವಾಣಿ ತಯಾರಿಕೆಯ ವಿಸ್ಟ್ರಾನ್ ಕಾರ್ಖಾನೆ ಬಂದಿತು. ಸಾವಿರಾರು ಯುವಕ ಯುವತಿಯರು ಬಸ್ಸುಗಳಲ್ಲಿ ಪಾಳಿಗೆ ಹೋಗಿಬರುವಂತಾಯಿತು. ಅದೇ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ವೇತನದ ಅಸಮಾಧಾನವು ಗಲಭೆಯಾಗಿ ಸ್ಫೋಟಿಸಿದುದನ್ನು, 2023ರಲ್ಲಿ ಅದು ಟಾಟಾ ಸಂಸ್ಥೆಯ ಕೈಸೇರಿದುದನ್ನು ಎಲ್ಲರೂ ಬಲ್ಲರು. ಅದೇ 2020ರಲ್ಲಿ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ಕಲಮುಗಳು ರದ್ದಾಗಿ, ಕೃಷಿಕರಲ್ಲದವರಿಗೂ ಹೊಲ ಕೊಳ್ಳುವ ದಾರಿ ತೆರೆಯಿತು.

ನೆಲದ ಬಳಿಕ ಊರಿನ ಸ್ವರೂಪ. ಜನಸಂಖ್ಯೆ 10,000ಕ್ಕೆ ಕಡಿಮೆಯಿರದ, ದುಡಿಯುವವರಲ್ಲಿ ಅರ್ಧದಷ್ಟಾದರೂ ಕೃಷಿಯೇತರ ವೃತ್ತಿಯಲ್ಲಿರುವ ಸ್ಥಳವನ್ನು ಪಟ್ಟಣ ಪಂಚಾಯಿತಿಯನ್ನಾಗಿಸಲು ಪೌರಸಭೆಗಳ ಕಾಯಿದೆಯಲ್ಲಿ ಅವಕಾಶವುಂಟು. ವೇಮಗಲ್ ಮತ್ತು ಕುರುಗಲ್ ಹೀಗೆ ಒಂದಾದವು. ಬೀದಿದೀಪ, ಚರಂಡಿ, ತೆರಿಗೆಯ ಆದಾಯಗಳು ಹೆಚ್ಚುವುವೆಂಬುದು ಒಂದು ಪಕ್ಷದ ವಾದ. ಆದರೆ ಗ್ರಾಮವು ಪಟ್ಟಣವಾದೊಡನೆ ಗ್ರಾಮಸಭೆ ಇಲ್ಲವಾಗುತ್ತದೆ. 2005ರ ಕಾಯಿದೆಯಿಂದ ಬಂದ ಗ್ರಾಮೀಣ ಉದ್ಯೋಗ ಖಾತರಿಯೂ ಪಟ್ಟಣದ ಎಲ್ಲೆಯೊಳಗೆ ಸಲ್ಲುತ್ತಿರಲಿಲ್ಲ. ಭೂಮಿ ಮಾರಿ ಹಣ ಕಂಡವನಿಗೆ ಇದು ದೊಡ್ಡ ನಷ್ಟವಲ್ಲದಿರಬಹುದು. ಭೂಮಿಯೇ ಇಲ್ಲದ ಕೂಲಿಯವಳಿಗೆ ಪರಿಹಾರವೂ ಇಲ್ಲ, ಮಣ್ಣಿನ ಕೆಲಸವೂ ಇಲ್ಲ.

ಶ್ರೀನಿವಾಸಪುರದ ವಿವಾದ ಬೇರೆ ಬಗೆಯದು. ಮಾವಿಗೆ ಪ್ರಸಿದ್ಧವಾದ ಈ ತಾಲ್ಲೂಕಿನಲ್ಲಿ ಒಂದೇ ತೋಟವು ಅರಣ್ಯ ಇಲಾಖೆಯ ನಕ್ಷೆಯಲ್ಲಿ ಕಾಡು, ರೈತನ ಕೈಯ ಕಾಗದದಲ್ಲಿ ಹಿಡುವಳಿ. 2023ರ ಆಗಸ್ಟ್‌ನಲ್ಲಿ ಒತ್ತುವರಿ ತೆರವಿನ ಹೆಸರಿನಲ್ಲಿ ಫಲ ಕೊಡುವ ಮಾವಿನ ಮರಗಳು ಉರುಳಿದಾಗ ರೈತರು ಬೀದಿಗಿಳಿದರು. ಅರಣ್ಯವನ್ನು ರಕ್ಷಿಸುವುದು ಇಲಾಖೆಯ ಧರ್ಮವೇ ಸರಿ. ಆದರೆ ಸಸಿ ನೆಟ್ಟಾಗ ತಡೆಯದೆ ಮರ ಫಲಬಿಟ್ಟಾಗ ಕಡಿಯುವ ಪದ್ಧತಿಯನ್ನು ಒಪ್ಪುವುದು ಕಷ್ಟ.

2007ರವರೆಗೆ ಕೋಲಾರಕ್ಕೇ ಸೇರಿದ್ದ ಶಿಡ್ಲಘಟ್ಟ ತಾಲ್ಲೂಕಿನ ಜಂಗಮಕೋಟೆಯಲ್ಲಿ ಕೈಗಾರಿಕಾ ಪ್ರದೇಶದ ಪರವಾಗಿಯೂ ವಿರುದ್ಧವಾಗಿಯೂ ರೈತರೇ ಎರಡು ಬಣಗಳಾಗಿ ನಿಂತರು. ನೆರೆಯ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯವರು 2022ರ ಏಪ್ರಿಲ್‌ನಿಂದ ಮೂರು ವರ್ಷಕ್ಕೂ ಮೀರಿ ಧರಣಿ ಕುಳಿತರು. 2025ರ ಜುಲೈ 15ರಂದು 1,777 ಎಕರೆಗಳ ಸ್ವಾಧೀನವನ್ನು ಕೈಬಿಟ್ಟುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಪ್ರಕಟಿಸಿದರು. ಅದರ ಮರುತಿಂಗಳೇ ವೇಮಗಲ್–ಕುರುಗಲ್ ಪಟ್ಟಣ ಪಂಚಾಯಿತಿಗೆ ಮೊದಲ ಚುನಾವಣೆ ನಡೆಯಿತು.