ಗಾಳಿಮರದ ಟೊಂಗೆಯಿಂದ ಎಲ್‌ಇಡಿ ವೃಕ್ಷದವರೆಗೆ

ಡಿಸೆಂಬರ್ ಬಂತೆಂದರೆ ಬೊಬ್ರುವಾಡ, ಅಂಕೋಲಾ, ಕಾರವಾರದ ಕ್ರೈಸ್ತ ಮನೆಗಳಲ್ಲಿ ಗೋದಲಿ ಮತ್ತು ನಕ್ಷತ್ರದ ಜೊತೆಗೆ ಕ್ರಿಸ್ಮಸ್ ವೃಕ್ಷದ ಸಿದ್ಧತೆಯೂ ಆರಂಭವಾಗುತ್ತದೆ. ಯುರೋಪಿನ ಫರ್ ಮರ ನಮ್ಮ ಕರಾವಳಿಯಲ್ಲಿ ಬೆಳೆಯುವುದಿಲ್ಲ. ಅದರ ಸ್ಥಾನವನ್ನು ತುಂಬಿದ್ದು ಕಡಲ ದಂಡೆಯ ಗಾಳಿಮರದ ಟೊಂಗೆ. ಈ ಕ್ಯಾಸುರಿನಾ ಮರವನ್ನು ನಮ್ಮ ಕಾರವಾರದಲ್ಲಿಯೂ ನೆಟ್ಟು ಬೆಳೆಸಲಾಗಿದೆ. ಮರಳನ್ನು ಹಿಡಿದಿಟ್ಟು ಕಡಲ ಗಾಳಿಯನ್ನು ತಡೆಯುವ ಈ ಮರದ ಟೊಂಗೆ ಕಡಿಯದೆ ವೃಕ್ಷ ಮಾಡಲು ಇಂದಿನ ತಂತ್ರಜ್ಞಾನ ದಾರಿ ತೋರಿಸಿದೆ.

ಮೊದಲು ವೃಕ್ಷಕ್ಕೆ ಮೇಣದ ಬತ್ತಿಗಳನ್ನೇ ಹಚ್ಚುತ್ತಿದ್ದರು. 1882ರಲ್ಲಿ ಎಡಿಸನ್ ಅವರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್ ಎಂಬವರು ನ್ಯೂಯಾರ್ಕಿನ ತಮ್ಮ ಮನೆಯ ವೃಕ್ಷಕ್ಕೆ ಕೆಂಪು, ಬಿಳಿ, ನೀಲಿ ಬಣ್ಣದ 80 ವಿದ್ಯುತ್ ಬಲ್ಬುಗಳನ್ನು ಹಾಕಿದರು. ಮರವಿಲ್ಲದ ವೃಕ್ಷಕ್ಕೆ ಇಟಲಿಯ ಗುಬ್ಬಿಯೊ ಪಟ್ಟಣ ಉತ್ತಮ ಉದಾಹರಣೆ. ಅಲ್ಲಿ 1981ರಿಂದ ಬೆಟ್ಟದ ಇಳಿಜಾರಿನಲ್ಲಿ ದೀಪಗಳನ್ನೇ ಜೋಡಿಸಿ 650 ಮೀಟರಿಗೂ ಎತ್ತರದ ವೃಕ್ಷದ ಆಕಾರ ಮೂಡಿಸುತ್ತಾರೆ. 2011ರಲ್ಲಿ ಜಗದ್ಗುರು 16ನೇ ಬೆನೆಡಿಕ್ಟರು ವ್ಯಾಟಿಕನ್ನಿನಲ್ಲಿ ಕುಳಿತೇ ಟ್ಯಾಬ್ಲೆಟ್ ಮೂಲಕ ಅದನ್ನು ಬೆಳಗಿಸಿದರು.

ಮನೆಯಲ್ಲೂ ಇಂಥದ್ದು ಸಾಧ್ಯ. ಬಿದಿರಿನ ಕಡ್ಡಿಗಳನ್ನು ಶಂಕುವಿನಂತೆ ಕಟ್ಟಿ, ಹಳೆಯ ಮೀನುಬಲೆ ಹೊದಿಸಿ, ಎಲ್‌ಇಡಿ ಸರ ಸುತ್ತಿದರೆ ವೃಕ್ಷ ಸಿದ್ಧ. ಕಾಲೇಜು ವಿದ್ಯಾರ್ಥಿಗಳು ಆರ್ಡುಯಿನೊ ಎಂಬ ಪುಟ್ಟ ಬೋರ್ಡಿಗೆ ಪಿಕ್ಸೆಲ್ ಬಲ್ಬುಗಳನ್ನು ಜೋಡಿಸಿ, ಒಂದೊಂದು ಬಲ್ಬಿನ ಬಣ್ಣವನ್ನೂ ಬೇರೆ ಬೇರೆಯಾಗಿ ಬದಲಿಸಬಹುದು. 5 ವೋಲ್ಟಿನ ಇಂಥ ಒಂದು ಬಲ್ಬು ಪೂರ್ಣ ಬೆಳಗಿದಾಗ ಸುಮಾರು 60 ಮಿಲಿ ಆಂಪಿಯರ್ ಎಳೆಯುತ್ತದೆ. 50 ಬಲ್ಬುಗಳಿಗೆ 3 ಆಂಪಿಯರ್ ಬೇಕು. ಮೊಬೈಲಿನ ಸಣ್ಣ ಚಾರ್ಜರ್ ಇದಕ್ಕೆ ಸಾಲದು. ಅದು ಬಿಸಿಯಾಗಿ ಕೆಡಬಹುದು.

ಬೆಂಕಿಯ ಭಯ ಕಡಿಮೆಯಾಗಿದೆ ನಿಜ, ಆದರೆ ಪೂರ್ತಿ ಹೋಗಿಲ್ಲ. ಉಪ್ಪುಗಾಳಿಗೆ ತಂತಿಯ ತುದಿಗಳು ಬೇಗ ಕಿಲುಬು ಹಿಡಿಯುತ್ತವೆ. ಆದ್ದರಿಂದ ಕಳೆದ ವರ್ಷದ ಸರವನ್ನು ಪರೀಕ್ಷಿಸಿಯೇ ಹಾಕಬೇಕು. ಹೊದಿಕೆ ಹರಿದಿದ್ದರೆ ಬಿಸಾಡುವುದೇ ಲೇಸು. ಗೋದಲಿಯ ಒಣಹುಲ್ಲಿನ ಮೇಲೆ ತಂತಿಯ ಜೋಡಣೆ ಇರಬಾರದು. ಒಂದೇ ಪ್ಲಗ್ಗಿಗೆ ಹಲವು ಸರ ಸಿಕ್ಕಿಸಬಾರದು. ಮಕ್ಕಳು ಮುಟ್ಟುವ ವೃಕ್ಷಕ್ಕೆ ಅಡಾಪ್ಟರಿನಿಂದ ನಡೆಯುವ 5 ಅಥವಾ 12 ವೋಲ್ಟಿನ ಸರವೇ ಉತ್ತಮ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಮಂದಿಯೆಲ್ಲ ಕ್ರಿಸ್ಮಸ್ ರಾತ್ರಿಯ ಬಲಿಪೂಜೆಗೆ ಹೊರಡುವ ಮುನ್ನ ಸ್ವಿಚ್ ಆರಿಸುವುದನ್ನು ಮರೆಯದಿರೋಣ.